ಹಗೇವಿಗೆ ಹಾಕಿದ ಮಾತು

ನಮ್ಮ ಮನೆಯಲ್ಲಿ ಗುಟ್ಟು ಎನ್ನುವ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಗುಟ್ಟುಗಳೇ ಇರಲಿಲ್ಲ ಎಂದಲ್ಲ. ಹತ್ತು ಜನ, ಮೂರು ಕೋಣೆ, ಒಂದು ಹಿತ್ತಿಲು. ಅಷ್ಟು ಇಕ್ಕಟ್ಟಿನಲ್ಲಿ ಬದುಕುವವರಿಗೆ ತಲೆಗೊಂದು ಗುಟ್ಟಾದರೂ ಬೇಡವೇ? ಬೇಕಾದಷ್ಟಿದ್ದವು. ನಾವು ಅದನ್ನು ಹಗೇವು ಎನ್ನುತ್ತಿದ್ದೆವು ಅಷ್ಟೆ. ಯಲಹಂಕದ ಪಕ್ಕದ ಕೋಗಿಲು ನಮ್ಮೂರು; ಅಲ್ಲಿನ ನಮ್ಮ ಬಾಯಲ್ಲಿ 'ಹ' ನಿಲ್ಲುತ್ತಿರಲಿಲ್ಲವಾದ್ದರಿಂದ ಅದು ಅಗೇವು ಆಗುತ್ತಿತ್ತು. 'ಇದು ಅಗೇವು' ಎಂದರೆ ಯಾರಿಗೂ ಹೇಳಬೇಡ ಎಂದು. 'ಅಗೇವಿಗಾಕು' ಎಂದರೆ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೋ ಎಂದು. ನಮ್ಮ ಮನೆ ಬಿಟ್ಟರೆ ಈ ಅರ್ಥದಲ್ಲಿ ಇನ್ನೆಲ್ಲೂ ಆ ಪದವನ್ನು ನಾನು ಕೇಳಿಲ್ಲ. ಮೊನ್ನೆ ನನ್ನ ಸೊಸೆ, 'ಅತ್ತೆ, ಮಾತೆತ್ತಿದರೆ ಅಗೇವು ಅಗೇವು ಅಂತೀರಲ್ಲ, ಅದು ಯಾವ ಭಾಷೆ?' ಎಂದು ಕೇಳಿದಳು. ಅದಕ್ಕೆ ಕೊಟ್ಟ ಉತ್ತರ ಉದ್ದವಾಯಿತು. ಸಾರು ಸೀದು ಹೋಯಿತು. ಇಲ್ಲಿ ಬರೆದಿರುವುದು ಅದೇ ಉತ್ತರ.

ಹಗೇವು ಎಂದರೆ ನೆಲದೊಳಗಿನ ರಾಗಿಯ ಕಣಜ. ಗಟ್ಟಿ ನೆಲ ನೋಡಿ ಆಳುದ್ದಕ್ಕಿಂತ ಹೆಚ್ಚಾಗಿ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗೆ ಗುಡಾಣದ ಹಾಗೆ ಅಗಲ. ಸುತ್ತ ರಾಗಿ ಹುಲ್ಲು ಕಟ್ಟಿ, ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ತುರುಕಿ, ಚಪ್ಪಡಿ ಎಳೆದು, ಮೊಣಕಾಲುದ್ದ ಮಣ್ಣು ಮುಚ್ಚಿ ಸಗಣಿ ಸಾರಿಸಿಬಿಟ್ಟರೆ ಮುಗಿಯಿತು. ರಾಗಿಗೆ ಹುಳ ಇಲ್ಲ, ಇಲಿ ಇಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ತಾತನ ಅಪ್ಪ ಹಿತ್ತಿಲಿನಲ್ಲಿ ಇಂಥ ಏಳೆಂಟು ಹಗೇವು ತೋಡಿಸಿದ್ದನಂತೆ. ನನ್ನ ಕಾಲಕ್ಕೆ ಅವುಗಳಲ್ಲಿ ಎರಡು ಮಾತ್ರ ಎಲ್ಲರಿಗೂ ಗೊತ್ತಿದ್ದವು. ಉಳಿದವು ಬರಿದಾಗಿ, ಮಣ್ಣು ಮುಚ್ಚಿ, ಮೇಲೆ ಕೋಳಿ ಕೆದಕುವ ನೆಲವಾಗಿದ್ದವು. ಹಾಗೆ ಎಲ್ಲರೂ ಅಂದುಕೊಂಡಿದ್ದ ಒಂದರಲ್ಲಿ ತಾತ ಎರಡು ಮೂರು ವರ್ಷಕ್ಕೊಮ್ಮೆ ತಾನೊಬ್ಬನೇ ರಾಗಿ ತುಂಬಿ ಮುಚ್ಚುತ್ತಿದ್ದ. ಯಾವುದರಲ್ಲಿ ಎಂದು ಹೆಂಡತಿಗೂ ಹೇಳುತ್ತಿರಲಿಲ್ಲ, ಮಕ್ಕಳಿಗೂ ಹೇಳುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಸರ್ಕಾರಕ್ಕೆ ಧಾನ್ಯ ವಸೂಲಿ ಮಾಡುವ ಲೆವಿಯವರು ಬಂದು ಹಿತ್ತಿಲನ್ನೆಲ್ಲ ಕಬ್ಬಿಣದ ಸಲಾಕೆಯಿಂದ ಕುಟ್ಟಿ ಕುಟ್ಟಿ, ಎಲ್ಲಿ ಟೊಳ್ಳು ಸದ್ದು ಬರುತ್ತದೆ ಎಂದು ಕಿವಿಗೊಟ್ಟು, ರಾಗಿ ಎತ್ತಿಸಿಕೊಂಡು ಹೋಗಿದ್ದರಂತೆ. ಆವತ್ತಿನಿಂದ ತಾತನಿಗೆ ಈ ಅಭ್ಯಾಸ. ಯುದ್ಧ ಮುಗಿಯಿತು, ಲೆವಿಯವರು ಬರುವುದೂ ನಿಂತಿತು. ಅಭ್ಯಾಸ ಹೋಗಲಿಲ್ಲ. ಹೀಗೆ ಹಗೇವು ನಮ್ಮ ಮನೆಯಲ್ಲಿ ಗುಟ್ಟಿನ ಹೆಸರಾಯಿತು.

ಈ ಅರ್ಥದ ಬಾಕಿ ಹಗೇವುಗಳ ವಿಷಯ ಹೇಳಬೇಕೆಂದರೆ ಮೊದಲು ಕಾಫಿಯದನ್ನೇ ಹೇಳಬೇಕು. ತಾತ ಕಾಫಿಯನ್ನು ಮನೆಯೊಳಗೆ ಬಿಟ್ಟಿರಲಿಲ್ಲ. ಅದು ಕುಡಿದರೆ ಗಂಡಸರು ಗುದ್ದಲಿ ಹಿಡಿಯುವುದಿಲ್ಲ, ಹೆಂಗಸರು ನಿದ್ದೆ ಮಾಡುವುದಿಲ್ಲ ಎಂದು ಅವನ ಲೆಕ್ಕ. ಚಿಕ್ಕಮ್ಮನ ತವರು ಯಲಹಂಕ ಪೇಟೆ. ಅವಳಿಗೆ ಕಾಫಿ ಇಲ್ಲದಿದ್ದರೆ ತಲೆ ಸಿಡಿಯುತ್ತಿತ್ತು. ಪುಡಿಯನ್ನು ಒಣಮೆಣಸಿನಕಾಯಿ ಗಡಿಗೆಯ ಅಡಿಯಲ್ಲಿ ಹುಗಿದಿಡುತ್ತಿದ್ದಳು. ಮಧ್ಯಾಹ್ನ ತಾತ ಜಗಲಿಯಲ್ಲಿ ಅಡ್ಡಾದ ಮೇಲೆ ಹಿತ್ತಿಲಿನ ಒಲೆಯಲ್ಲಿ ನೀರು ಕಾಯಿಸಿ, ಅವಳು, ಅವ್ವ, ನಂಜತ್ತೆ, ಕಡೆಕಡೆಗೆ ಅಜ್ಜಿಯೂ, ಸೆರಗು ಅಡ್ಡ ಹಿಡಿದು ಕುಡಿಯುತ್ತಿದ್ದರು. ನನಗೆ ಲೋಟದ ಅಡಿಯ ಗಸಿ ಕೊಟ್ಟು 'ಅಗೇವು' ಎನ್ನುತ್ತಿದ್ದರು. ಮೆಣಸಿನ ಘಾಟು ಹತ್ತಿದ ಆ ಕಾಫಿ ಕುಡಿದು ಬೆಳೆದ ನನಗೆ ಈಗಲೂ ಹೋಟೆಲಿನ ಕಾಫಿ ಸಪ್ಪೆ. ತಾತ ಎದ್ದು ಹಿತ್ತಿಲಿಗೆ ಬರುವ ಮೊದಲು ನಡುಮನೆಯಲ್ಲೇ ನಿಂತು ಎರಡು ಸಲ ಜೋರಾಗಿ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದ ಕೂಡಲೇ ಲೋಟಗಳು ಮಾಯ. ಅವನಿಗೆ ಕಫದ ಬಾಧೆ ಇದೆ ಎಂದು ನಾನು ನಂಬಿದ್ದೆ. ಬೇರೆ ಹೊತ್ತಿನಲ್ಲಿ ಅವನು ಕೆಮ್ಮುವುದೇ ಇಲ್ಲವಲ್ಲ ಎಂದು ಹೊಳೆಯುವಷ್ಟು ಬುದ್ಧಿ ಇನ್ನೂ ಇರಲಿಲ್ಲ.

ಯಲಹಂಕದ ಶಾಲೆಯಲ್ಲಿ ಒಂದು ದಿನ ಪಾಠದಲ್ಲಿ 'ರಹಸ್ಯ' ಎಂಬ ಪದ ಬಂತು. ಮೇಷ್ಟ್ರು ಅರ್ಥ ಕೇಳಿದರು. ನಾನು ಎದ್ದು ನಿಂತು, 'ಅಗೇವು ಸಾ' ಎಂದೆ. ಪೇಟೆಯ ಹುಡುಗರು ನಕ್ಕರು. ಮೇಷ್ಟ್ರು ಒಳ್ಳೆಯವರು, ಅವರು ನಗಲಿಲ್ಲ.

"ಹಗೇವು ಅಂದ್ರೆ ರಾಗಿ ತುಂಬೋ ಗುಂಡಿ ಕಣಮ್ಮ. ರಹಸ್ಯ ಅಂದ್ರೆ ಗುಟ್ಟು. ಯಾರಿಗೂ ಗೊತ್ತಿಲ್ಲದ್ದು. ಬರ್ಕೋ."

ನಾನು ಬರೆದುಕೊಂಡೆ. ಗುಟ್ಟು ಎಂದರೆ ಯಾರಿಗೂ ಗೊತ್ತಿಲ್ಲದ್ದು. ಮೇಷ್ಟ್ರ ಮಾತಿನಲ್ಲಿ ನನಗೆ ಪೂರ್ತಿ ನಂಬಿಕೆ. ಏಕೆಂದರೆ ಅಷ್ಟು ಹೊತ್ತಿಗೆ ನನ್ನ ಹತ್ತಿರವೇ ಯಾರಿಗೂ ಗೊತ್ತಿಲ್ಲದ್ದೊಂದು ಇತ್ತು.

ಅದು ನನಗೆ ಸಿಕ್ಕಿದ್ದು ಆರು ವರ್ಷದವಳಿದ್ದಾಗ. ಅಬ್ಬಿಗೆರೆಯಲ್ಲಿ ಅಜ್ಜಿಯ ತವರಿನವರ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರವೆಂದು ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೋಗಿದ್ದರು. ನಾನು ಹಿಂದಿನ ದಿನ ಸೀಬೆ ಮರದಿಂದ ಬಿದ್ದು ಕಾಲು ಉಳುಕಿಸಿಕೊಂಡಿದ್ದರಿಂದ ತಾತನ ಜೊತೆ ಮನೆಯಲ್ಲೇ ಉಳಿದೆ. ಕಾಲಿಗೆ ಪಟ್ಟು ಹಾಕಿ ನಡುಮನೆಯಲ್ಲಿ ಮಲಗಿಸಿ, 'ಏಳ್ಬ್ಯಾಡ' ಎಂದು ತಾತ ಹೊರಗೆ ಹೋದ. ನಾನು ಏಳದೇ ಇರುವ ಹುಡುಗಿಯೇ? ಕುಂಟಿಕೊಂಡು ಹೋಗಿ ಹಿತ್ತಿಲ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟೆ. ಅದೇ ಸೀಬೆ ಮರದಿಂದ ನಾಲ್ಕು ಮಾರು ದೂರದಲ್ಲಿ ನೆಲ ಬಾಯಿ ತೆರೆದಿತ್ತು. ತಾತ ಬುಟ್ಟಿ ಬುಟ್ಟಿ ರಾಗಿ ಹೊತ್ತು ತಂದು ಅದಕ್ಕೆ ಸುರಿಯುತ್ತಿದ್ದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಸುರಿದ. ಆಮೇಲೆ ಹುಲ್ಲು, ಚಪ್ಪಡಿ, ಮಣ್ಣು. ಕಡೆಗೆ ಕಚ್ಚೆ ಬಿಗಿದು, ಬಗ್ಗಿ, ಹೆಂಗಸರ ಹಾಗೆ ಸಗಣಿ ಸಾರಿಸಲು ಕುಳಿತ. ತಾತ ಸಗಣಿ ಸಾರಿಸುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಿಸಕ್ಕೆಂದೆ. ಅವನು ತಿರುಗಿ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ಕೈ ತೊಳೆದುಕೊಂಡು ಬಂದು, ನನ್ನ ಕೈಯನ್ನು ನನ್ನ ತಲೆಯ ಮೇಲೇ ಇಡಿಸಿ, ಬಾಯಿಗೆ ಒಂದು ಅಚ್ಚು ಬೆಲ್ಲ ತುರುಕಿದ.

"ನೋಡಿದ್ಯಾ?"

"ಊಂ."

"ಅಗೇವಿಗಾಕು. ನಿಮ್ಮಪ್ಪ ಕೇಳಿದ್ರೂ ಏಳ್ಬ್ಯಾಡ, ನಿಮ್ಮಜ್ಜಿ ಕೇಳಿದ್ರೂ ಏಳ್ಬ್ಯಾಡ. ಆಣೆ ಇಟ್ಟಿದ್ದೀಯ."

ಬೆಲ್ಲ ಕರಗಲು ಬಹಳ ಹೊತ್ತಾಯಿತು. ಬಾಯಿ ತುಂಬ ಬೆಲ್ಲ ಇದ್ದಾಗ ಮಾತಾಡಲು ಬರುವುದಿಲ್ಲವಲ್ಲ, ಅದೇ ನನ್ನ ಮೊದಲ ತಾಲೀಮು. ಮುಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕಿವಿಗೆ ಊರಿನ ಮಾತೆಲ್ಲ ಬೀಳುವ ಕೆಲಸ ಸಿಕ್ಕಿದಾಗ, 'ಏನೇನು ಕೇಳಿಸ್ಕೊಂಡ್ರಿ, ಸ್ವಲ್ಪ ನಮಗೂ ಹೇಳ್ರೀ' ಎಂದು ಪೀಡಿಸಿದವರಿಗೆ ಲೆಕ್ಕವಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಕೇಳಿ.

ಮೂರು ವರ್ಷ ಕಳೆಯಿತು. ನಂಜತ್ತೆಗೆ ಮದುವೆ ಗೊತ್ತಾಯಿತು. ನಂಜತ್ತೆ ಅಪ್ಪನ ಕೊನೆಯ ತಂಗಿ, ತಾತನ ಮುದ್ದಿನ ಮಗಳು. ಮೂಗಿನ ತುದಿಯಲ್ಲೇ ಕೋಪ, ಮರುಗಳಿಗೆಯಲ್ಲೇ ನಗು. ಗಂಡಿನವರು ಹೆಬ್ಬಾಳದವರು. ಕೆರೆ ಕೆಳಗೆ ಗದ್ದೆ ಇದ್ದವರು, ಎರಡು ಹೊತ್ತೂ ಅನ್ನ ಉಣ್ಣುವವರು, ಅದರ ಜಂಬ ಸ್ವಲ್ಪ ಇದ್ದೇ ಇತ್ತು. ಒಪ್ಪಿಗೆ ಶಾಸ್ತ್ರದ ದಿನ ಗಂಡಿನ ಅಪ್ಪ ನಮ್ಮ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಮೆಲ್ಲುತ್ತ, ರಾಗಿ ಮುದ್ದೆ ಉಣ್ಣದೆ ವರ್ಷವಾಯಿತು, ಈಗಿನ ರಾಗಿಯಲ್ಲಿ ರುಚಿಯೇ ಇಲ್ಲ ಎಂದುಬಿಟ್ಟ. ತಾತ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತ.

"ಬೀಗ್ರೇ, ಬೀಗರೂಟಕ್ಕೆ ಬನ್ನಿ. ಮೂರು ವರ್ಷದ ಅಗೇವಿನ ರಾಗಿ ತೆಗೆಸ್ತೀನಿ. ಒಂದು ಮುದ್ದೆ ಉಂಡು ಆಮ್ಯಾಕೆ ಮಾತಾಡಿ."

ಮದುವೆಯ ಮಾರನೆಯ ದಿನ ಗಂಡಿನ ಕಡೆಯವರಿಗೆಲ್ಲ ನಮ್ಮ ಮನೆಯಲ್ಲಿ ಮಾಂಸದೂಟ ಹಾಕುವುದು ಬೀಗರೂಟ. ಸಾರಿಗೆ ತಕ್ಕ ಮುದ್ದೆ ಬೇಕು. ಹಗೇವಿನ ರಾಗಿಗೆ ಒಂದು ಮುಗ್ಗುವಾಸನೆ ಇರುತ್ತದೆ. ಎರಡು ಬಿಸಿಲು ಕಾಣಿಸಿ ಆಮೇಲೆ ಬೀಸಬೇಕು. ಹಾಗಾಗಿ ಮದುವೆಗೆ ಒಂದು ವಾರ ಇದೆ ಎನ್ನುವಾಗ, ಸೋಮವಾರ ಬೆಳಿಗ್ಗೆ, ತಾತ ಪೇಟ ಸುತ್ತಿಕೊಂಡು ಹಿತ್ತಿಲಿಗೆ ಬಂದ. ಅಪ್ಪ ಹಾರೆ ಹಿಡಿದ, ಚಿಕ್ಕಪ್ಪ ಗುದ್ದಲಿ ಹಿಡಿದ. ತಾತ ಅತ್ತ ನೋಡಿದ, ಇತ್ತ ನೋಡಿದ, ತಿಪ್ಪೆಯ ಪಕ್ಕದ ಜಾಗಕ್ಕೆ ಕೋಲು ಊರಿ, 'ಇಲ್ಲಿ' ಎಂದ.

ಅಲ್ಲಿ ಅಲ್ಲ. ಅದರ ಹತ್ತಿರವೂ ಅಲ್ಲ. ತಾತ ಯಾರನ್ನೋ ಆಟ ಆಡಿಸುತ್ತಿದ್ದಾನೆ ಎಂದು ಮೊದಲು ಅಂದುಕೊಂಡೆ. ಅಪ್ಪ, ಚಿಕ್ಕಪ್ಪ ಮಧ್ಯಾಹ್ನದವರೆಗೆ ಅಗೆದರು. ಮಣ್ಣು ಬಂತು, ಕಲ್ಲು ಬಂತು, ಒಂದು ಹಳೆಯ ಲಾಳ ಬಂತು. ಚಪ್ಪಡಿ ಬರಲಿಲ್ಲ. ತಾತನ ಮುಖ ನೋಡಿದೆ. ಅದು ಆಟದ ಮುಖವಲ್ಲ. ಈಚೆಗೆ ಅವನು ಎತ್ತನ್ನು ಅದರ ಅಪ್ಪನ ಹೆಸರು ಹಿಡಿದು ಕರೆಯುತ್ತಿದ್ದ, ಉಂಡು ಕೈ ತೊಳೆದು ಮತ್ತೆ ಉಣ್ಣಲು ಬರುತ್ತಿದ್ದ. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ಯಾರೂ ನಗಲಿಲ್ಲ.

"ನೆಲ ಜರುಗೈತೆ," ಎಂದ ತಾತ. "ನಾಳೆ ಉಣಿಸೆ ಮರದ ಕಡೆ ನೋಡಾನ."

ಮಂಗಳವಾರ ಹುಣಸೆ ಮರದ ಕಡೆ ಅಗೆದರು. ಮೊಣಕಾಲುದ್ದಕ್ಕೆ ಹಾರೆ 'ಠಣ್' ಎಂದಿತು. ಚಪ್ಪಡಿ. ತಾತನ ಮುಖ ಹೇಗೆ ಅರಳಿತೆಂದರೆ, ಪೇಟವನ್ನು ಒಮ್ಮೆ ಬಿಚ್ಚಿ ಮತ್ತೆ ಕಟ್ಟಿಕೊಂಡ. ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಊಟದ ಹೊತ್ತಿನವರೆಗೆ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರು. ದೀಪ ಆರಲಿಲ್ಲ. ಎಲ್ಲರೂ ಬಗ್ಗಿ ನೋಡಿದೆವು. ತಳದಲ್ಲಿ ಕೊಳೆತ ಹುಲ್ಲು. ಹುಲ್ಲಿನ ಮೇಲೆ ಒಂದು ಕಪ್ಪೆ. ಅದು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ, ಬೆಳಕಿಗೆ ಬೆನ್ನು ಮಾಡಿ ಕುಳಿತುಕೊಂಡಿತು. ಅದು ತಾತನ ಅಪ್ಪನ ಕಾಲದ ಬರಿದು ಹಗೇವು. ಚಿಕ್ಕಪ್ಪನಿಗೆ ನಗು ಬಂದು, ಸೊಂಟ ಹಿಡಿದವನ ಹಾಗೆ ನಟಿಸಿ ಆಚೆ ಹೋದ. ಅಪ್ಪ ಮಾತ್ರ ಹಾರೆಯ ಮಣ್ಣು ಒರೆಸುತ್ತ ನಿಂತ. ತಾತನ ಮುಖ ನೋಡದೆ ಹೇಳಿದ.

"ಅಪ್ಪಾ, ಯಲಹಂಕದ ಸಂತೇಲಿ ಒಳ್ಳೆ ರಾಗಿ ಬತ್ತೈತೆ. ಗಾಡಿ ಕಟ್ಕೊಂಡೋಗಿ ತಂದ್ಬಿಡ್ತೀನಿ. ಬೀಗರಿಗೆ ಏನ್ ಗೊತ್ತಾಗ್ತೈತೆ?"

"ನಂಗೆ ಗೊತ್ತಾಗ್ತೈತಲ್ಲ," ಎಂದ ತಾತ.

ಅಷ್ಟೇ ಅಂದದ್ದು. ಒಳಗೆ ಹೋಗಿ ಪೇಟವನ್ನು ಬಿಚ್ಚಿ ಗೂಟಕ್ಕೆ ಹಾಕಿದ. ಉಡಿದಾರಕ್ಕೆ ಕಟ್ಟಿದ್ದ ಕಣಜದ ಕೋಣೆಯ ಬೀಗದ ಕೈಯನ್ನು ಅಪ್ಪನ ಮುಂದೆ ನೆಲದ ಮೇಲಿಟ್ಟು, 'ಇನ್ಮ್ಯಾಕೆ ನೀನೇ ನೋಡ್ಕೊ' ಎಂದ. ಅಪ್ಪ ಅದನ್ನು ಮುಟ್ಟಲಿಲ್ಲ. ಅದು ನೆಲದ ಮೇಲೇ ಬಿದ್ದಿತ್ತು. ಅವ್ವ ಕಸ ಗುಡಿಸುವಾಗ ಅದನ್ನು ಸುತ್ತಿ ಗುಡಿಸಿದಳು. ಆವತ್ತು ಸಂಜೆ ತಾತ ಊಟ ಬೇಡವೆಂದ. ನನ್ನ ಇಡೀ ಬಾಲ್ಯದಲ್ಲಿ ತಾತ ಊಟ ಬೇಡವೆಂದ ಸಂಜೆ ಅದೊಂದೇ. ಮದುವೆಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು. ನಂಜತ್ತೆ, 'ನನ್ ಮದ್ವೆಗೆ ಮುದ್ದೇನೇ ಬ್ಯಾಡ, ಅಪ್ಪ ಪೇಟ ಕಟ್ಕಳ್ಳಿ ಸಾಕು' ಎಂದು ಅಡಿಗೆಮನೆಯಲ್ಲಿ ಅತ್ತಳು.

ಆ ಹಗೇವು ಇರುವ ಜಾಗ ನನಗೆ ಗೊತ್ತಿತ್ತು. ಸೀಬೆ ಮರದಿಂದ ನಾಲ್ಕು ಮಾರು. ಒಂದು ಮಾತು ಹೇಳಿದರೆ ಆಯಿತು. ಆದರೆ ಆಣೆ ಇಟ್ಟಿದ್ದೇನೆ. ಅಪ್ಪ ಕೇಳಿದರೂ ಇಲ್ಲ, ಅಜ್ಜಿ ಕೇಳಿದರೂ ಇಲ್ಲ. ಯೋಚಿಸಿ ಯೋಚಿಸಿ ಒಂದು ದಾರಿ ಕಂಡಿತು. ತಾತನಿಗೇ ಹೇಳಿದರೆ? ತನ್ನ ಗುಟ್ಟನ್ನು ತನಗೇ ಹೇಳಿದರೆ ಆಣೆ ಹೇಗೆ ಮುರಿಯುತ್ತದೆ? ಜಗಲಿಗೆ ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಬರಿ ತಲೆಯ ತಾತ ಬೇರೆ ಯಾರೋ ಮುದುಕನ ಹಾಗೆ ಕಾಣುತ್ತಿದ್ದ.

"ತಾತ, ನಂಗೊಂದು ಅಗೇವು ಗೊತ್ತು."

"ಗೊತ್ತಿದ್ರೆ ಒಟ್ಟೇಲಿ ಇಟ್ಕೊ."

"ಅದಲ್ಲ ತಾತ, ನಿಂಗೆ ಏಳ್ಬೌದು."

"ಯಾರ್ಗೂ ಏಳ್ಬಾರ್ದು ಮಗ. ನಂಗೂ ಏಳ್ಬಾರ್ದು. ಎಂಗಸರು ಏನಾರ ಕುಡೀಲಿ, ತಿನ್ಲಿ, ನಿಂಗ್ಯಾಕೆ?"

ಅವನು ಕಾಫಿಯ ಮಾತೆಂದುಕೊಂಡಿದ್ದ. ಅಂದರೆ ಅವನಿಗೆ ಗೊತ್ತು. ಎಷ್ಟು ದಿನದಿಂದ ಗೊತ್ತು ಎಂದು ನಾನು ಬಾಯಿ ತೆರೆದು ಕುಳಿತಿರುವಾಗಲೇ ಅವನು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದ. ಇದ್ದ ಒಂದು ದಾರಿಯೂ ಮುಚ್ಚಿತು.

ಬುಧವಾರ ಅರಿಸಿನ ಕುಟ್ಟುವ ಶಾಸ್ತ್ರ. ಮದುವೆಗೆ ಮುಂಚೆ ಮುತ್ತೈದೆಯರು ಮರದ ಒರಳನ್ನು ತೊಳೆದು, ಒನಕೆಗೆ ಅರಿಸಿನದ ಕೊಂಬು ಕಟ್ಟಿ ಪೂಜೆ ಮಾಡಿ, ಹಾಡು ಹೇಳುತ್ತ ಮದುವೆಯ ಅರಿಸಿನ ಕುಟ್ಟುತ್ತಾರೆ. ಒರಳು ಇಡುವುದು ಎಲ್ಲರ ಮನೆಯಲ್ಲೂ ನಡುಮನೆಯಲ್ಲೇ. ಅವ್ವ, ಚಿಕ್ಕಮ್ಮ ಇಬ್ಬರೂ ಸೇರಿ ಒರಳನ್ನು ಉರುಳಿಸಿಕೊಂಡು ಹಿತ್ತಿಲಿನಿಂದ ಒಳಗೆ ತರುತ್ತಿದ್ದರು. ಅದರ ಹಿಂದೆ ನಾನು ಒನಕೆ ಹೊತ್ತಿದ್ದೆ. ಒನಕೆಯ ಬುಡ ನೆಲಕ್ಕೆ ತಗುಲಿ 'ದಡ್' ಎಂದಾಗ, ಲೆವಿಯವರ ಸಲಾಕೆಯ ಕಥೆ ತಟ್ಟನೆ ನೆನಪಾಯಿತು. ತಾತನಿಗೆ ಕಣ್ಣು ಮಂಜು, ನೆನಪು ಮಂಜು. ಕಿವಿ ಮಾತ್ರ ಚುರುಕು. ನಾನು ಒನಕೆಯನ್ನು ಸೀಬೆ ಮರದ ಕಡೆ ಎಳೆದುಕೊಂಡು ಓಡಿದೆ.

"ಅಜ್ಜಿ, ಇಲ್ಲೇ ಇಡಾನ ಒರಳ್ನ. ಇಲ್ಲಿ ನೆರಳೈತೆ."

ನೆರಳೂ ಇರಲಿಲ್ಲ, ಎಂಥದ್ದೂ ಇರಲಿಲ್ಲ. ಬೆಳಗಿನ ಬಿಸಿಲು ಕಣ್ಣು ಬಿಡಲು ಬಾರದಂತೆ ಅಲ್ಲೇ ಬಿದ್ದಿತ್ತು. ಅರಿಸಿನ ಕುಟ್ಟುವ ಒರಳನ್ನು ಹಿತ್ತಿಲಿನಲ್ಲಿ ಇಡುವುದೆಂದರೇನು, ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅಜ್ಜಿ ನನ್ನನ್ನು ನೋಡಿದಳು. ಚಿಕ್ಕಮ್ಮ ಅಜ್ಜಿಯನ್ನು ನೋಡಿದಳು. ಅವ್ವ ನೆಲ ನೋಡಿದಳು.

"ಊಂ ಕಣ್ರೇ," ಎಂದಳು ಅಜ್ಜಿ. "ನೆರಳು ಚೆನ್ನಾಗೈತೆ. ಇಲ್ಲೇ ಇಡ್ರಿ."

ಯಾರೂ ಏಕೆಂದು ಕೇಳಲಿಲ್ಲ. ನಾನು ನಿಂತಿದ್ದು ಹಗೇವಿನ ಬಾಯಿಂದ ಎರಡು ಹೆಜ್ಜೆ ಆಚೆ. ಚಿಕ್ಕಮ್ಮ ಒರಳನ್ನು ಕಾಲಿನಿಂದ ಒತ್ತಿ ಸರಿಯಾಗಿ ಆ ಜಾಗಕ್ಕೆ ತಂದು ನಿಲ್ಲಿಸಿದಳು. ಆವತ್ತು ನಾನು ಅದನ್ನು ನನ್ನ ಅದೃಷ್ಟ ಎಂದುಕೊಂಡೆ. ಹಾಡು ಶುರುವಾಯಿತು. ಇಬ್ಬರು ಎದುರುಬದುರು ನಿಂತು ಒನಕೆ ಎತ್ತಿ ಹಾಕಿದರು. ಗಟ್ಟಿ ನೆಲದ ಮೇಲೆ ಕುಟ್ಟಿದರೆ ಬರುವ 'ದಡ್' ಅಲ್ಲ, 'ದೊಂಬ್, ದೊಂಬ್' ಎಂದು ತಮಟೆಯ ಸದ್ದಿನ ಹಾಗೆ ನೆಲದೊಳಗಿನಿಂದ ಎದ್ದು ಬಂತು. ಅಜ್ಜಿ, 'ಇನ್ನೂ ಜೋರಾಗಿ ಆಕ್ರೇ, ನಿಮ್ಗೆ ಮುದ್ದೆ ಇಕ್ಕಿಲ್ವಾ ನಾನು' ಎಂದು ಗದರಿದಳು. ಹಾಡು ನಿಂತರೂ ಕುಟ್ಟುವುದು ನಿಲ್ಲಲಿಲ್ಲ. ಅರಿಸಿನ ಪುಡಿಯಾಗಿ, ಪುಡಿ ಧೂಳಾಗಿ, ಎಲ್ಲರ ಮುಖವೂ ಹಳದಿಯಾಯಿತು.

ಜಗಲಿಯಲ್ಲಿ ಬರಿ ತಲೆಯಲ್ಲಿ ಕುಳಿತಿದ್ದ ತಾತ ನಡುಮನೆ ದಾಟಿ ಹಿತ್ತಿಲ ಬಾಗಿಲಿಗೆ ಬಂದು ನಿಂತ. ಕೆಮ್ಮಲಿಲ್ಲ. ತಲೆ ಓರೆ ಮಾಡಿ ಕಿವಿಗೊಟ್ಟ.

"ಯಾರೇ ಅದು ಒರಳ್ನ ಅಲ್ಲಿ ಮಡಗಿದ್ದು?"

ಒನಕೆ ಗಾಳಿಯಲ್ಲೇ ನಿಂತಿತು. ನಾನು ಅಜ್ಜಿಯ ಸೆರಗಿನ ಹಿಂದೆ ಹೋದೆ.

"ನಾನೇ," ಎಂದಳು ಅಜ್ಜಿ. "ಯಾಕೆ, ಇಡ್ಬಾರ್ದಾ?"

ತಾತ ಹತ್ತಿರ ಬಂದು ಹಿಮ್ಮಡಿಯಿಂದ ನೆಲ ತಟ್ಟಿದ. ಒಮ್ಮೆ, ಎರಡನೇ ಸಲ, ಮೂರನೇ ಸಲ. ಸೀಬೆ ಮರ ನೋಡಿದ, ಮತ್ತೆ ನೆಲ ನೋಡಿದ. ಅವನ ಮುಖದಲ್ಲಿ ನೆನಪು ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಇಷ್ಟು ವರ್ಷದಲ್ಲಿ ಅಷ್ಟು ಖುಷಿಯ ಮುಖ ಇನ್ನೊಂದು ಕಂಡಿಲ್ಲ. ತಿರುಗಿ ಮನೆಯೊಳಗೆ ಹೋದವನು ಪೇಟ ಸುತ್ತಿಕೊಂಡೇ ಹೊರಗೆ ಬಂದ. ದಾರಿಯಲ್ಲಿ ನೆಲದ ಮೇಲಿದ್ದ ಬೀಗದ ಕೈಯನ್ನೂ ಎತ್ತಿಕೊಂಡು ಬಂದಿದ್ದ.

"ಎರಡು ದಿನ ನಿಮ್ಮನ್ನ ಪರೀಕ್ಷೆ ಮಾಡ್ದೆ," ಎಂದು ಅಪ್ಪನಿಗೂ ಚಿಕ್ಕಪ್ಪನಿಗೂ ಹೇಳಿದ ತಾತ. "ಒಬ್ಬನಾದ್ರೂ ಕಂಡಿಡಿದ್ರಾ? ತಗಳ್ರಿ ಆರೆ. ಇಲ್ಲಿ."

ಚಪ್ಪಡಿ ಸಿಕ್ಕಿತು. ಗಾಳಿ ಬಿಟ್ಟು, ಲಾಟೀನು ಇಳಿಸಿ, ಚಿಕ್ಕಪ್ಪ ಒಳಗಿಳಿದ. ಬುಟ್ಟಿ ತುಂಬಿ ಮೇಲೆ ಬಂದ ರಾಗಿ ಕಡುಗೆಂಪಾಗಿತ್ತು. ತಾತ ಒಂದು ಹಿಡಿ ಮೂಗಿಗೆ ಹಿಡಿದು, ಅಪ್ಪನ ಮೂಗಿಗೆ ಹಿಡಿದು, ಕಡೆಗೆ ದಾರಿಯಲ್ಲಿ ಹೋಗುತ್ತಿದ್ದವರನ್ನೂ ಕರೆದು ಮೂಗಿಗೆ ಹಿಡಿದ. ಬೀಗರೂಟದ ದಿನ ಹೆಬ್ಬಾಳದ ಬೀಗ ಮೂರು ಮುದ್ದೆ ನುಂಗಿ, ನಾಲ್ಕನೆಯದಕ್ಕೆ ಎಲೆಯನ್ನು ಕೈಯಿಂದ ಮುಚ್ಚಿದ ಹಾಗೆ ಮಾಡಿ ಅರ್ಧ ಎಲೆ ತೆರೆದೇ ಬಿಟ್ಟಿದ್ದ. ತಾತ ಆ ಅರ್ಧಕ್ಕೆ ಗುರಿಯಿಟ್ಟು ಇನ್ನೊಂದು ಇಕ್ಕಿಸಿದ.

ಮದುವೆಯ ಗಲಾಟೆ ಇಳಿದ ಮೇಲೆ ನಾನು ಅಜ್ಜಿಯ ಹತ್ತಿರ ಹೋಗಿ, ಒರಳು ಅಲ್ಲೇ ಇಡಬೇಕೆಂದು ನಾನೇಕೆ ಹೇಳಿದೆ ಗೊತ್ತೇ ಎಂದು ದೊಡ್ಡಸ್ತಿಕೆಯಿಂದ ಕೇಳಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಅಬ್ಬಿಗೆರೆಯಿಂದ ಬಂದ ದಿವ್ಸವೇ ಗೊತ್ತು. ನಿಮ್ ತಾತ ಸಾರ್ಸಿದ್ದು ನೋಡಿದ್ರೆ ಎಮ್ಮೆ ಮಲಗೆದ್ದಂಗಿತ್ತು. ಮಾರ್ನೇ ದಿನ ನಾನೇ ಅದರ ಮ್ಯಾಲೆ ಇನ್ನೊಂದ್ಸಲ ಸಾರ್ಸಿ ಸರಿ ಮಾಡ್ದೆ."

"ಅವ್ವಂಗೆ?"

"ನಿಮ್ಮವ್ವಂಗೆ, ನಿಮ್ ಚಿಕ್ಕಮ್ಮಂಗೆ, ಎಲ್ಲಾರ್ಗೂ ಗೊತ್ತು. ನಿಮ್ಮಪ್ಪಂಗೂ ಗೊತ್ತು."

"ಮತ್ತೆ ಎರಡು ದಿನ ಅಗೆದ್ರಲ್ಲ, ಚಿಕ್ಕಪ್ಪನ ಸೊಂಟ ಇಡ್ಕೊಂಡಿತ್ತಲ್ಲ?"

"ಅಗೆಯೋ ಅಂತ ಅವರಪ್ಪ ಅಂದ್ರೆ ಅಗೀದೆ ಏನ್ಮಾಡ್ತಾರೆ? ಏಳ್ಬೌದಿತ್ತು ಕಣೇ. ಏಳಿದ್ರೆ ನಿಮ್ ತಾತ ಅವತ್ತೇ ಮೂಲೆ ಸೇರ್ತಿತ್ತು. ಎಂಗಪ್ಪಾ ಏಳಾದು ಅಂತ ನಾವೆಲ್ಲ ಬಾಯಿ ಕಟ್ಕೊಂಡು ಕೂತಿದ್ರೆ, ನೀನು ಒನಕೆ ಎತ್ಕೊಂಡ್ ಓಡ್ದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವರ್ಷ ಜೋಪಾನ ಮಾಡಿದ್ದ ನನ್ನ ಗುಟ್ಟು ಮನೆಯವರೆಲ್ಲರ ಹತ್ತಿರವೂ ಒಂದೊಂದು ಇತ್ತು. ಯಾರಿಗೂ ಗೊತ್ತಿಲ್ಲದ್ದು ಎಂದು ಮೇಷ್ಟ್ರು ಬರೆಸಿದ್ದ ಅರ್ಥವನ್ನು ಆ ದಿನ ನಾನು ನೋಟುಬುಕ್ಕಿನಲ್ಲಿ ಹೊಡೆದುಹಾಕಿದೆ. ಅದರ ಬದಲಿಗೆ ಏನು ಬರೆಯಬೇಕೆಂದು ಹೊಳೆಯದೆ ಖಾಲಿ ಬಿಟ್ಟೆ. ಈಗ ಕೇಳಿದರೆ ಹೇಳಬಲ್ಲೆ: ಗೊತ್ತಿದ್ದವರೆಲ್ಲ ಸೇರಿ ಹೇಳದೇ ಇರುವುದು. ಒಬ್ಬ ಮನುಷ್ಯನ ತಲೆಯ ಮೇಲೆ ಪೇಟ ನಿಲ್ಲಲಿ ಎಂದು ಹೇಳದೇ ಇರುವುದು. ನಮ್ಮ ಮನೆಯಲ್ಲಿ ಅದಕ್ಕೆ ಹಗೇವು ಎನ್ನುತ್ತಿದ್ದರು.

ತಾತನಿಗೆ ಮಾತ್ರ ಇದು ಯಾವುದೂ ತಿಳಿಯದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸುಗ್ಗಿ ಮುಗಿದು ಕಣದ ರಾಗಿ ಮನೆಗೆ ಬಂತು. ಒಂದು ಬೆಳಿಗ್ಗೆ ತಾತ ಎಲ್ಲರನ್ನೂ ಹಿತ್ತಿಲಿಗೆ ಕರೆದ. ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿದ. ಈ ಸಲ ನೆಲದ ಮೇಲೆ ಇಡಲಿಲ್ಲ, ಅಪ್ಪನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ತಾನೇ ಮಡಚಿದ. ಪೇಟ ತಲೆಯ ಮೇಲೇ ಇತ್ತು.

"ಈ ವರ್ಷದ್ದು ನೀನು ತುಂಬು. ಯಾವುದ್ರಲ್ಲಿ ಅಂತ ನಂಗೂ ಏಳ್ಬ್ಯಾಡ. ಉಳಿದೋರೆಲ್ಲ ರಸ್ತೆ ಕಡೆ ತಿರುಗ್ಕೊಳ್ರಿ."

ಅಬ್ಬಿಗೆರೆಗೆ ಹೋಗಲು ಆ ದಿನ ಯಾವ ನೆಪವೂ ಇರಲಿಲ್ಲ. ಹಾಗಾಗಿ ಅಪ್ಪ ರಾಗಿ ತುಂಬುವಷ್ಟು ಹೊತ್ತೂ ಮನೆಮಂದಿಯೆಲ್ಲ ಹಿತ್ತಿಲ ಬೇಲಿಯ ಹತ್ತಿರ ಸಾಲಾಗಿ, ಕೋಗಿಲಿನ ರಸ್ತೆಗೆ ಮುಖ ಮಾಡಿ ನಿಂತೆವು, ಕುಳಿತೆವು, ಮತ್ತೆ ನಿಂತೆವು. ದಾರಿಹೋಕರು ನಮ್ಮನ್ನು ನೋಡಿ ಏನು ಅಂದುಕೊಂಡರೋ. ಚಿಕ್ಕಮ್ಮ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಸಾಲಿನ ಕೊನೆಯಲ್ಲಿ ತಾತ, ಅವನ ಪಕ್ಕ ನಾನು. ಬೆನ್ನ ಹಿಂದೆ ಚಪ್ಪಡಿ ಎಳೆದ ಸದ್ದು ಕೇಳಿದಾಗ ಅವನು ನನ್ನ ತೋಳು ಚಿವುಟಿದ.

"ತಿರುಗಿ ನೋಡು," ಎಂದ, ತುಟಿ ಆಡಿಸದೆ.

"ನೋಡ್ಬಾರ್ದು ಅಂದ್ಯಲ್ಲ ತಾತ?"

"ನೋಡಿಟ್ಕೊ ಮಗ. ನಾಳೆ ನಿಮ್ಮಪ್ಪನೂ ಮರೀತಾನೆ. ಆವಾಗ ಒರಳು ಎಲ್ಲಿಡ್ಬೇಕು ಅಂತ ಯಾರಿಗಾರ ಗೊತ್ತಿರ್ಬೇಕಲ್ಲ."

ನಾನು ತಿರುಗಿ ನೋಡಿದೆ.